ನಮ್ಮ ಹೆಸರಿನ ಊರಿಗೆ ಬಂದ ನೆರೆ

ಛತ್ರಿಯಣ್ಣನ ತಲೆ ಕೆಟ್ಟದ್ದು ಒಂದು ನಕಾಶೆಯಿಂದ. ಅದಕ್ಕೆ ಮೊದಲು ಸರಿಯಿತ್ತು ಎಂಬುದನ್ನು ಅವನ ಹೆಂಡತಿ ಒಪ್ಪುವುದಿಲ್ಲ. ಆದರೆ ಕಥೆ ಎಲ್ಲಿಂದಾದರೂ ಶುರುವಾಗಬೇಕಲ್ಲ, ನಕಾಶೆಯಿಂದಲೇ ಆಗಲಿ.

ಅವನ ಅಂಗಡಿ ಕೇರಿಯ ಬಾಯಲ್ಲಿ, ದೊಡ್ಡ ರಸ್ತೆಗೆ ಮುಖ ಮಾಡಿ ಕೂತಿತ್ತು. ಅಂಗಡಿಯೆಂದರೆ ಎರಡು ಗೋಡೆಗಳ ಸಂದಿಗೆ ಹೊದಿಸಿದ ಒಂದು ತಗಡು. ಕೆಳಗೆ ಕಡ್ಡಿ ಮುರಿದ ಕೊಡೆಗಳು, ಹಿಡಿ ಕಳಚಿದ ಕೊಡೆಗಳು, ಯಾರೋ ರಿಪೇರಿಗೆ ಕೊಟ್ಟು ಮರೆತೇಹೋದ ಕೊಡೆಗಳು, ಅವುಗಳ ನಡುವೆ ಒಂದು ಮಣೆಯ ಮೇಲೆ ಅವನು. ಕೊಡೆ ರಿಪೇರಿಯವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಛತ್ರಿಯಣ್ಣ. ಆ ಪದಕ್ಕೆ ನಮ್ಮ ಮಾತಿನಲ್ಲಿ ಇನ್ನೊಂದು ಅರ್ಥವೂ ಉಂಟು. ಅಷ್ಟು ಚಾಲಾಕು ಅವನಲ್ಲಿದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಒಂದು ಬಿಸಿಲಿನ ದಿನ ನಿವೃತ್ತ ಭೂಗೋಳದ ಮೇಷ್ಟ್ರು ತಮ್ಮ ಹಳೆಯ ಕೊಡೆಗೆ ಸ್ಪ್ರಿಂಗು ಹಾಕಿಸಿಕೊಳ್ಳಲು ಬಂದರು. ದೊಡ್ಡ ರಸ್ತೆಯ ಮಹಡಿಯೊಂದರಲ್ಲಿ ಒಂಟಿಯಾಗಿದ್ದವರು. ಪಾಠ ಕೇಳಲು ಯಾರೂ ಇಲ್ಲದೆ ಬಾಯಿ ತುರಿಸುತ್ತಿತ್ತು.

"ಏನಯ್ಯಾ, ನಿಮ್ಮ ಕೇರಿ ಹೆಸರು ಲೋಕದಲ್ಲಿ ಎಷ್ಟು ಕಡೆ ಇದೆ ಗೊತ್ತೇನು?" ಎಂದರು.

ಛತ್ರಿಯಣ್ಣನ ಕೈ ನಿಂತಿತು. "ಯಾಕೆ ಸಾರ್, ಹೊರಗಡೆಯೆಲ್ಲ ನಮ್ಮ ಮೇಲೆ ಕಂಪ್ಲೇಂಟ್ ಆಗಿದೆಯಾ?"

ಅವನು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಆ ಕೇರಿಯ ಹೆಸರು ಹೊರಗಿನವರ ಬಾಯಿಗೆ ಬರುತ್ತಿದ್ದದ್ದೇ ಕಂಪ್ಲೇಂಟಿನ ಜೊತೆ. ಕೆಲಸ ಕೇಳಲು ಹೋದವನು ಕೇರಿಯ ಹೆಸರು ಹೇಳಿದರೆ ಎದುರಿಗಿದ್ದವನ ಕೈ ತಾನಾಗಿ ತನ್ನ ಜೇಬಿನ ಮೇಲೆ ಹೋಗುತ್ತಿತ್ತು. ಹೆಣ್ಣು ನೋಡಲು ಹೊರಟವರು ಹೆಸರನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು. ನರ್ಸಿಂಗ್ ಹೋಮಿನಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಛತ್ರಿಯಣ್ಣನ ಹೆಂಡತಿಯೂ ಅಲ್ಲಿ ಯಾರಾದರೂ ಮನೆಯೆಲ್ಲಿ ಎಂದರೆ 'ಮಾರ್ಕೆಟ್ಟಿನ ಹಿಂದೆ' ಎನ್ನುತ್ತಿದ್ದಳು. ಮಾರ್ಕೆಟ್ಟಿನ ಹಿಂದೆ ಎಂಬ ಊರಿನಲ್ಲಿ ಹೀಗೆ ಒಂದು ಕೇರಿಗೆ ಕೇರಿಯೇ ತಲೆಮರೆಸಿಕೊಂಡು ಬದುಕಿತ್ತು.

ಮರುದಿನ ಮೇಷ್ಟ್ರು ನಕಾಶೆಯ ಪುಸ್ತಕವನ್ನೇ ತಂದರು. ಕನ್ನಡಕ ಒರೆಸಿಕೊಂಡು ಒಂದೊಂದೇ ಚುಕ್ಕೆ ತೋರಿಸಿದರು. ಇದೋ ಸಮುದ್ರದಾಚೆ, ನದಿಯ ದಂಡೆಯಲ್ಲಿ, ಕಲ್ಲಿನ ಸೇತುವೆಯೂ ಗಂಟೆಯ ಗೋಪುರವೂ ಇರುವ ಒಂದು ಊರು. ಇದೋ ದ್ವೀಪದಲ್ಲಿ ಒಂದು ಬಂದರು. ಇದೋ ವರ್ಷದ ಮುಕ್ಕಾಲು ಪಾಲು ಹಿಮ ಬೀಳುವ ಕಡೆ ಒಂದು ಗಣಿಯೂರು. ಎಲ್ಲದಕ್ಕೂ ಅದೇ ಹೆಸರು.

"ನಮ್ಮ ಹೆಸರು ಅಲ್ಲಿಗೆ ಹೆಂಗೆ ಹೋಯ್ತು ಸಾರ್?"

"ಬಡವರು ಊರು ಬಿಡುವಾಗ ಬೇರೇನೂ ಹೊತ್ಕೊಂಡು ಹೋಗಕ್ಕಾಗಲ್ಲ ಕಣಯ್ಯಾ. ಹೆಸರಿಗೆ ತೂಕ ಇಲ್ಲ, ಅದನ್ನ ಕಟ್ಕೊಂಡು ಹೋಗ್ತಾರೆ. ಹೊಸ ಜಾಗದಲ್ಲಿ ಮೊದಲು ಅದನ್ನ ಇಳಿಸ್ತಾರೆ, ಆಮೇಲೆ ಗುಡಿಸಲು ಹಾಕ್ತಾರೆ. ಇಲ್ಲಿಂದ ಅಲ್ಲಿಗೆ ಹೋಯ್ತೋ, ಅಲ್ಲಿಂದ ಇಲ್ಲಿಗೆ ಬಂತೋ, ಎರಡು ಕಡೆ ಜನಕ್ಕೂ ಅದೇ ಹೊಳೀತೋ, ಯಾವನಿಗೆ ಗೊತ್ತು."

ಛತ್ರಿಯಣ್ಣ ಬಾಯಿ ಬಿಟ್ಟುಕೊಂಡು ಆ ಮೂರು ಚುಕ್ಕೆಗಳನ್ನು ನೋಡಿದ. ಅಂದು ಕೊಡೆ ರಿಪೇರಿಗೆ ಅವನು ಕೂಲಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಆ ಹಾಳೆಯನ್ನು ಕೇಳಿ ಪಡೆದು, ಅಂಗಡಿಯ ಗೋಡೆಗೆ ಅಂಟಿಸಿದ. ಅಲ್ಲಿಂದ ಮುಂದೆ ಅವನು ಬರೀ ಒಂದು ಕೇರಿಯವನಾಗಿ ಉಳಿಯಲಿಲ್ಲ.

"ನಮ್ಮಲ್ಲಿ ಈ ವಾರ ಹಿಮ ಬಿತ್ತಂತೆ," ಎಂದು ಬೆವರು ಒರೆಸಿಕೊಳ್ಳುತ್ತಿದ್ದ ಗಿರಾಕಿಗೆ ಹೇಳುವನು. "ನಮ್ಮ ಬಂದರಿಗೆ ದೊಡ್ಡ ಹಡಗು ಬಂದಿದೆಯಂತೆ," ಎಂದು ಕೈಗಾಡಿಯವನಿಗೆ ಹೇಳುವನು. ಹಿಮದ ಸುದ್ದಿ ಮನೆಯಲ್ಲಿ ಹೇಳಿದಾಗ ಮೂಲೆಯಲ್ಲಿ ತೂಕಡಿಸುತ್ತಿದ್ದ ಅವನ ಅತ್ತೆ ಎದ್ದು, ಆ ಸೆಕೆಯಲ್ಲೂ, ಕಂಬಳಿ ಹೊದ್ದಳು. ಕೇರಿಯವರು ಮೊದಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಅಂಗಡಿಯ ಮುಂದೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಚುಕ್ಕೆಗಳ ಮೇಲೆ ಬೆರಳಿಟ್ಟು ಹೋದರು.

ಸೋಲದೆ ಉಳಿದವಳು ಹೆಂಡತಿಯೊಬ್ಬಳೇ. "ರೀ, ಆ ಊರಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರತ್ತಾ, ಕೇಳಿದ್ರಾ ನಿಮ್ಮ ಮೇಷ್ಟ್ರನ್ನ?"

ಛತ್ರಿಯಣ್ಣ ಹೋಗಿ ಕೇಳಿಕೊಂಡೇ ಬಂದ. "ಎರಡೆರಡು ನಲ್ಲಿಯಂತೆ ಕಣೇ. ಒಂದರಲ್ಲಿ ಬಿಸಿ, ಒಂದರಲ್ಲಿ ತಣ್ಣಗೆ."

"ಓಹೋ. ನಮ್ಮದು ಒಂದರಲ್ಲೇ ಎರಡೂ ಬರತ್ತಲ್ಲ. ಬೆಳಿಗ್ಗೆ ತಣ್ಣನೆ ಗಾಳಿ, ಮಧ್ಯಾಹ್ನ ಬಿಸಿ ಗಾಳಿ."

ಕೇರಿಯ ನಲ್ಲಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕಳೆದ ಚುನಾವಣೆಗೆ ಮುಂಚೆ ಅದನ್ನು ಹಾಕಿಸಿದ್ದರು. ವಾರ್ಡಿನ ಕೌನ್ಸಿಲರು ಟೇಪು ಕತ್ತರಿಸಿ, ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಕುಡಿದಿದ್ದರು. ಫೋಟೋ ತೆಗೆಯುವಷ್ಟು ಹೊತ್ತು ನೀರು ಬಂದಿತ್ತು. ಫೋಟೋದವನು ಹೋದ, ಹಿಂದೆಯೇ ನೀರೂ ಹೋಯಿತು. ಆಮೇಲಿಂದ ಕೇರಿಯ ಹೆಂಗಸರು ರೈಲ್ವೆ ಗೇಟು ದಾಟಿ ಕೊಡ ಹೊರುತ್ತಿದ್ದರು. ಇಲಾಖೆಗೆ ಹೋಗಿ ಕೇಳಿದರೆ, 'ನಿಮ್ಮ ಕೇರಿಗೆ ನೀರು ಕೊಟ್ಟಾಗಿದೆಯಲ್ಲಮ್ಮ' ಎಂಬ ಉತ್ತರ. ಕೊಟ್ಟದ್ದನ್ನು ಪದೇಪದೇ ಕೇಳುವ ದುರಾಸೆಯ ಜನವೆಂದು ಕೇರಿಗೆ ಇನ್ನೊಂದು ಬಿರುದು ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಕೇರಿಯ ಹೆಸರು ಬಂತು.

ನದಿಯ ದಂಡೆಯ ಆ ಊರು, ಸೇತುವೆಯ ಊರು, ನೆರೆಯಲ್ಲಿ ಮುಳುಗಿತ್ತು. ಜನ ಮನೆಯ ಮಾಡುಗಳ ಮೇಲೆ ಕೂತಿದ್ದರು. ಗಂಟೆಯ ಗೋಪುರದ ಅರ್ಧದವರೆಗೆ ನೀರು. ಛತ್ರಿಯಣ್ಣ ಕೈಯಲ್ಲಿದ್ದ ಕೊಡೆಯನ್ನು ಕೆಳಗಿಟ್ಟು, ಮನೆಗೆ ಹೋಗಿ, ಹೆಂಡತಿಯ ಮುಂದೆ ನಿಂತ.

"ನಮ್ಮೂರು ಮುಳುಗಿಹೋಯ್ತು ಕಣೇ."

"ಯಾವುದರಲ್ಲಿ?"

"ನೀರಿನಲ್ಲಿ."

ಅವಳು ಖಾಲಿ ಕೊಡದೊಳಗೆ ಒಮ್ಮೆ ನೋಡಿ, ಗಂಡನ ಮುಖವನ್ನು ಒಮ್ಮೆ ನೋಡಿ, ಅಯ್ಯೋ ಪಾಪ ಎಂದಳು. ಅದು ಯಾರಿಗೆ ಹೇಳಿದ್ದೆಂದು ಅವನು ಕೇಳಲಿಲ್ಲ.

ಅಂದು ಮಧ್ಯಾಹ್ನದೊಳಗೆ ಅಂಗಡಿಯ ಮುಂದೆ ಒಂದು ದೊಡ್ಡ ಕೊಡೆ ಅಂಗಾತ ಬಿಚ್ಚಿಕೊಂಡಿತ್ತು, ಸಂತೆಯಲ್ಲಿ ಅಂಗಡಿಯವರು ನೆಡುವಂಥ ಕೊಡೆ. ಪಕ್ಕದಲ್ಲಿ ರಟ್ಟಿನ ಮೇಲೆ ಅವನೇ ಬರೆದ ಬೋರ್ಡು: 'ನಮ್ಮೂರಿನ ನೆರೆ ಸಂತ್ರಸ್ತರಿಗೆ ಕೈಲಾದ್ದು ಕೊಡಿ.' ಕೆಳಗೆ ದಪ್ಪಕ್ಷರದಲ್ಲಿ ಕೇರಿಯ ಹೆಸರು.

ಕೇರಿಯವರ ಕೈಲಾದದ್ದು ಎಷ್ಟೆಂದು ಕೇರಿಯವರಿಗೇ ಗೊತ್ತು. ಆದರೂ ಕೊಟ್ಟರು. ಒಬ್ಬಳು ಮಗುವಿಗೆ ಸಣ್ಣದಾದ ಸ್ವೆಟರು ತಂದಳು. ಒಬ್ಬ ಬಾಚಣಿಗೆ ಕೊಟ್ಟ. ಗಾರೆ ಕೆಲಸದವನೊಬ್ಬ ಒಂದೇ ಒಂದು ಬೂಟು ಹಿಡಿದು ಬಂದ.

"ಇನ್ನೊಂದೆಲ್ಲಪ್ಪ?"

"ಕಳೆದೋಗಿದೆ ಅಣ್ಣ. ಇರಲಿ ಬಿಡು, ನೀರಲ್ಲಿ ಒಂದೇ ಬೂಟು ಕಳ್ಕೊಂಡವರು ಅಲ್ಲೂ ಒಬ್ಬರಾದ್ರೂ ಇರ್ತಾರೆ."

ಕೊನೆಗೆ ಅತ್ತೆ ಬಂದಳು, ಕಂಬಳಿ ಹಿಡಿದುಕೊಂಡು. "ಅಳಿಯಂದ್ರೇ, ಒದ್ದೆಯಾದವರಿಗೆ ಚಳಿ ಜಾಸ್ತಿ. ನಾನು ಈ ವರ್ಷ ಒದ್ದೆಯಾಗೋ ಹಂಗೆ ಕಾಣಲ್ಲ," ಎಂದು ಕೊಡೆಯೊಳಗೆ ಇಟ್ಟಳು. ಇಟ್ಟಮೇಲೆ ಒಮ್ಮೆ ಅದನ್ನು ಸವರಿದಳು. ಅವಳಿಗಿದ್ದದ್ದು ಅದೊಂದೇ.

ಇಲ್ಲಿಯವರೆಗೆ ನಡೆದದ್ದೆಲ್ಲ ಕೇರಿಯೊಳಗಿನ ವ್ಯವಹಾರ. ಆದರೆ ಅಂಗಡಿ ದೊಡ್ಡ ರಸ್ತೆಗೆ ಮುಖ ಮಾಡಿತ್ತಲ್ಲ. ಸಂಜೆಯ ಹೊತ್ತಿಗೆ ಪೇಪರಿನವನೊಬ್ಬ ಸ್ಕೂಟರು ನಿಲ್ಲಿಸಿದ, ಇಳಿಯದೆಯೇ ಬೋರ್ಡು ಓದಿದ.

"ಏನ್ರೀ, ನೆರೆ ಬಂದಿದೆಯಾ?"

"ಬಂದಿದೆ ಸ್ವಾಮಿ. ಅರ್ಧ ಗೋಪುರ ಮುಳುಗಿದೆ."

"ಗೋಪುರಾನಾ? ಜನ?"

"ಮಾಡಿನ ಮೇಲೆ ಕೂತಿದ್ದಾರೆ. ಹೆಂಗಸರು, ಮಕ್ಕಳು, ಎಲ್ಲ."

"ಯಾರಾದ್ರೂ ಅಧಿಕಾರಿಗಳು ಬಂದು ನೋಡಿದ್ರಾ?"

ಛತ್ರಿಯಣ್ಣ ನಿಟ್ಟುಸಿರು ಬಿಟ್ಟ. "ನಮ್ಮನ್ನ ಯಾರು ಬಂದು ನೋಡ್ತಾರೆ ಸ್ವಾಮಿ."

ಇದರಲ್ಲಿ ಒಂದೇ ಒಂದು ಸುಳ್ಳಿಲ್ಲವೆಂದು ಓದುಗರು ಗಮನಿಸಬೇಕು. ಪೇಪರಿನವನು ಮನಸ್ಸು ಮಾಡಿದ್ದರೆ ಹತ್ತು ಹೆಜ್ಜೆ ಒಳಗೆ ಹೋಗಿ ಕಣ್ಣಾರೆ ನೋಡಬಹುದಿತ್ತು. ಆದರೆ ಹೊರಗಿನವರು ಆ ಕೇರಿಯೊಳಗೆ ಕಾಲಿಡುವ ವಾಡಿಕೆಯೇ ಇರಲಿಲ್ಲ. ಅಲ್ಲಿ ಏನಿದೆಯೆಂಬುದು ಒಳಗೆ ಹೋಗದೆಯೇ ಎಲ್ಲರಿಗೂ ಗೊತ್ತಿತ್ತು. ಅವನು ಕೊಡೆಯ ಫೋಟೋ ಹೊಡೆದುಕೊಂಡು ಹೋದ.

ಬೆಳಗಾದರೆ ಪೇಪರಿನ ಮೊದಲ ಪುಟದಲ್ಲಿ ಕೇರಿ ಮುಳುಗಿಹೋಗಿತ್ತು.

ಕೇರಿಯವರು ಅದನ್ನು ಓದುವ ಮೊದಲೇ ಲಾರಿಗಳು ಬಂದವು. ಒಂದರ ಮೇಲೆ ದೋಣಿ. ಒಂದರಲ್ಲಿ ಬ್ರೆಡ್ಡು, ಮೇಣದಬತ್ತಿ, ತೇಲುವ ಅಂಗಿಗಳು. ಹಿಂದೆ ಜೀಪಿನಲ್ಲಿ ನಗರಸಭೆಯ ಸಾಹೇಬರು, ಅವರ ಪಕ್ಕದಲ್ಲಿ ನಲ್ಲಿಯ ಫೋಟೋ ತೆಗೆಸಿಕೊಂಡ ದಿನದಿಂದ ಮುಖ ತೋರಿಸದ ಕೌನ್ಸಿಲರು. ದೋಣಿಯನ್ನು ಕೆಳಗಿಳಿಸಿದರು. ಅದು ಧೂಳಿನಲ್ಲಿ ಒಂದು ಕಡೆಗೆ ವಾಲಿ ಮಲಗಿತು. ಕೇರಿಯ ನಾಯಿಯೊಂದು ಬಂದು ಮೂಸಿ, ಹತ್ತಿ ಕೂತಿತು.

ಸಾಹೇಬರು ಆ ಕಡೆ ಈ ಕಡೆ ನೋಡಿದರು. "ಎಲ್ಲಿ ನೀರು?"

"ಅದನ್ನೇ ನಾವೂ ಕೇಳ್ತಾ ಇದ್ದೀವಿ ಸ್ವಾಮಿ, ಚುನಾವಣೆಯಿಂದ," ಎಂದಳು ಛತ್ರಿಯಣ್ಣನ ಹೆಂಡತಿ.

ಛತ್ರಿಯಣ್ಣನನ್ನು ಕರೆಸಿದರು. ಅವನು ನಕಾಶೆಯನ್ನೇ ಕಿತ್ತುಕೊಂಡು ಬಂದು, ಜೀಪಿನ ಮೂತಿಯ ಮೇಲೆ ಹರಡಿ, ನದಿ, ಸೇತುವೆ, ಗೋಪುರ ಎಲ್ಲ ವಿವರಿಸಿದ. ಕೇಳುತ್ತ ಕೇಳುತ್ತ ಸಾಹೇಬರ ಮುಖ ಅವರ ಅಂಗಿಗಿಂತ ಬೆಳ್ಳಗಾಯಿತು.

"ಅಂದ್ರೆ ಇಲ್ಲಿ ನೆರೆ ಬಂದೇ ಇಲ್ಲ?"

"ಇಲ್ಲಿ ಇಲ್ಲ ಸ್ವಾಮಿ. ನಮ್ಮೂರಲ್ಲಿ ಬಂದಿದೆ."

"ಸತ್ತೆ!" ಸಾಹೇಬರು ತಲೆಯ ಮೇಲೆ ಕೈಯಿಟ್ಟರು. "ಪೇಪರಿನವರು ನಿನ್ನೆ ಸಂಜೆ ಫೋನ್ ಮಾಡಿ ಕೇಳಿದ ತಕ್ಷಣ ನಾನು ಮೇಲಕ್ಕೆ ರಿಪೋರ್ಟ್ ಮಾಡಿಬಿಟ್ಟಿದ್ದೀನಿ. ಸ್ಥಳಕ್ಕೆ ಹೋಗಿದ್ದೆ, ಮೊಣಕಾಲುದ್ದ ನೀರಲ್ಲಿ ನಿಂತು ಕೆಲಸ ಮಾಡಿದೆ, ಪರಿಸ್ಥಿತಿ ಹತೋಟೀಲಿದೆ ಅಂತ. ಮಂತ್ರಿಗಳು ಶಹಬ್ಬಾಸ್ ಅಂದ್ರು. ನಾಳೆ ಬೆಳಿಗ್ಗೆ ಖುದ್ದಾಗಿ ಬರ್ತಿದ್ದಾರೆ. ಈಗ ನೆರೇನೇ ಇಲ್ಲ ಅಂದ್ರೆ ಆ ಶಹಬ್ಬಾಸ್‌ನ ವಾಪಸ್ ಕೊಡಕ್ಕಾಗತ್ತೇನ್ರೀ?"

ಆಗ ಕೌನ್ಸಿಲರ ಮುಖದಲ್ಲಿ ಒಂದು ಬೆಳಕು ಮೂಡಿತು. ಅಂಥ ಬೆಳಕು ಮೂಡಿದಾಗಲೆಲ್ಲ ವಾರ್ಡಿನಲ್ಲಿ ಯಾರೋ ಒಬ್ಬರ ಮನೆ ಕತ್ತಲಾಗಿದೆ.

"ಸಾಹೇಬ್ರೇ, ಬಂದ ನೆರೇನ ಯಾಕೆ ಬಿಡ್ತೀರಿ? ಮಂತ್ರಿಗಳು ಬರಲಿ, ನೀರು ನೋಡಲಿ. ಇದು ಮುಳುಗಡೆ ಜಾಗ, ಮನುಷ್ಯರು ವಾಸ ಮಾಡಕ್ಕೆ ಲಾಯಕ್ಕಿಲ್ಲ ಅಂತ ಅವರ ಬಾಯಿಂದಲೇ ಘೋಷಣೆ ಆಗಲಿ. ಇವರನ್ನ ಕಲ್ಲುಕ್ವಾರಿ ಹಿಂದಿನ ದಿಬ್ಬಕ್ಕೆ ಸಾಗಿಸೋಣ. ಎತ್ತರದ ಜಾಗ, ಒಳ್ಳೆ ಗಾಳಿ. ಇಲ್ಲಿ ದೊಡ್ಡ ರಸ್ತೆಗೆ ಒಂದು ಹೊಸ ಮಾರ್ಕೆಟ್ ಕಟ್ಟಡ ಎದ್ದರೆ ನಗರಕ್ಕೂ ಒಂದು ಕಳೆ."

"ನೀರು ಎಲ್ಲಿಂದ ತರೋದ್ರೀ?"

"ಟ್ಯಾಂಕರ್ ಇಲ್ವಾ? ಬೆಳಿಗ್ಗೆ ಮಂತ್ರಿಗಳು ಬರೋಕೆ ಮುಂಚೆ ಸುರಿಸಿಬಿಡೋಣ."

ಇಷ್ಟು ವರ್ಷ ಕೇಳಿದರೂ ಈ ಕೇರಿಗೆ ಕಳಿಸಲು ಒಂದೂ ಟ್ಯಾಂಕರು ಇಲ್ಲವೆಂದು ಇದೇ ಕೌನ್ಸಿಲರು ಹೇಳುತ್ತಿದ್ದರು. ಕುಡಿಸಲು ಇಲ್ಲದ್ದು ಮುಳುಗಿಸಲು ಇತ್ತು. ಇದು ಆಡಳಿತದ ಸೂಕ್ಷ್ಮ, ನಮ್ಮಂಥವರಿಗೆ ತಿಳಿಯುವುದಲ್ಲ.

ಹೊರಡುವ ಮುನ್ನ ಸಾಹೇಬರು ಛತ್ರಿಯಣ್ಣನ ಎದೆಗೆ ಬೆರಳಿಟ್ಟರು. "ಫೋಟೋದಲ್ಲಿ ಬಂದವನು ನೀನು. ನಾಳೆ ಮುಂದೆ ನಿಂತು ಮಂತ್ರಿಗಳ ಕೈಯಿಂದ ಹೊದಿಕೆ ತಗೋತೀಯ, ನೆರೆ ಬಂತು ಅಂತ ಅಳ್ತೀಯ. ಬರಲಿಲ್ಲ ಅಂತ ಬಾಯಿ ಬಿಟ್ಟೆಯೋ, ಗಾಳಿಸುದ್ದಿ ಹಬ್ಬಿಸಿದವನು ಅಂತ ಒಳಗೆ ಹಾಕಿಸ್ತೀನಿ."

ಜೀಪು ಹೋದಮೇಲೆ ಕೇರಿಗೆ ಕೇರಿಯೇ ಛತ್ರಿಯಣ್ಣನ ಸುತ್ತ ನಿಂತಿತು. ಬೂಟು ಕೊಟ್ಟವನು, "ಅಣ್ಣ, ಕ್ವಾರಿ ಹಿಂದೆ ಕಲ್ಲು ಬಿಟ್ರೆ ಏನೂ ಇಲ್ಲ. ನಾನು ಅಲ್ಲಿ ಕೆಲಸ ಮಾಡಿದ್ದೀನಿ," ಎಂದ. ಅತ್ತೆ, "ನನ್ನ ಕಂಬಳಿ ಅಲ್ಲಿಗೆ ಹೋಯ್ತಾ ಅಳಿಯಂದ್ರೇ, ನಮ್ಮೂರಿಗೆ?" ಎಂದು ಕೇಳಿದಳು. ಛತ್ರಿಯಣ್ಣ ಒಂದು ಕೊಡೆ ಬಿಚ್ಚಿ, ಮುಖಕ್ಕೆ ಅಡ್ಡ ಹಿಡಿದು ಕೂತ. ಅದರ ಬಟ್ಟೆ ಹರಿದಿತ್ತು. ತೂತಿನಿಂದ ಹೆಂಡತಿಯ ಕಣ್ಣು ಕಾಣಿಸಿತು.

"ರೀ. ನಿಮ್ಮ ಬಾಯಿಂದ ಬಂದ ನೆರೆ ಇದು. ನಿಮ್ಮ ಬಾಯಿಂದಲೇ ಇಳೀಬೇಕು."

"ಒಳಗೆ ಹಾಕ್ತಾರಂತೆ ಕಣೇ."

"ಹಾಕಲಿ. ನೀವು ಒಳಗಿದ್ರೆ ಒಂದಿನ ಬಂದು ನೋಡಬಹುದು. ಮನೆ ಹೋದ್ರೆ ಎಲ್ಲಿ ಅಂತ ಹೋಗಿ ನೋಡಲಿ?"

ಮಾರನೆಯ ಬೆಳಿಗ್ಗೆ ಟ್ಯಾಂಕರುಗಳು ಬಂದವು. ಕೇರಿಯ ಮೇಲ್ತುದಿಯಲ್ಲಿ ನಿಂತು ದಪ್ಪ ಪೈಪಿನಿಂದ ನೀರು ಬಿಟ್ಟವು. ಕೇರಿಯವರು ಸಂಚು ಮಾಡಿದರೆಂದು ಆಮೇಲೆ ಪೇಪರಿನಲ್ಲಿ ಬಂತು; ಅದು ಸುಳ್ಳು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಕಣ್ಣ ಮುಂದೆ ಒಳ್ಳೆಯ ನೀರು ಮಣ್ಣಿಗೆ ಬೀಳುವಾಗ ಕೊಡ ಹಿಡಿಯದೆ ಸುಮ್ಮನಿರುವ ಹೆಂಗಸು ಆ ಕೇರಿಯಲ್ಲಿ ಹುಟ್ಟಿರಲಿಲ್ಲ, ಅಷ್ಟೇ. ಪೈಪಿನ ಬಾಯಿಗೇ ಸಾಲು ನಿಂತಿತು. ಕೊಡ, ಬಕೆಟ್ಟು, ಬೋಗುಣಿ, ಕೆಟಲು, ಎಣ್ಣೆಯ ಡಬ್ಬ. ಪಾತ್ರೆಗಳು ತುಂಬಿ ಮುಗಿದ ಮೇಲೆ ಛತ್ರಿಯಣ್ಣನ ಅಂಗಡಿಯ ಕೊಡೆಗಳೂ ಅಂಗಾತ ಬಿದ್ದು ನೀರು ಹಿಡಿದವು.

ಸಾಹೇಬರು ಓಡೋಡಿ ಬಂದರು. "ತುಂಬಿಸ್ಕೋಬೇಡ್ರಮ್ಮಾ! ಬಿಡ್ರಮ್ಮಾ! ಇದು ಕುಡಿಯೋ ನೀರಲ್ಲ, ನೆರೆ ನೀರು!"

"ನಮಗೆ ಯಾವುದಾದ್ರೂ ಆಗತ್ತೆ ಬಿಡಿ ಸ್ವಾಮಿ," ಎಂದಳು ಅತ್ತೆ, ಚೊಂಬು ಒಡ್ಡಿಕೊಂಡು. "ನಾವು ಅಷ್ಟೆಲ್ಲ ವ್ಯತ್ಯಾಸ ನೋಡಲ್ಲ."

ಇನ್ನೊಂದು ಟ್ಯಾಂಕರು ತರಿಸಿದರು. ಅದೂ ಮನೆಗಳೊಳಗೆ ಹೋಯಿತು. ಮಂತ್ರಿಗಳ ಕಾರು ದೊಡ್ಡ ರಸ್ತೆಯಲ್ಲಿ ನಿಂತಾಗ ಕೇರಿಯ ನೆಲದಲ್ಲಿ ಒಂದು ಗುಬ್ಬಿ ಮೀಯುವಷ್ಟು ನೀರೂ ಉಳಿದಿರಲಿಲ್ಲ.

ಮಂತ್ರಿಗಳು ಮೊಣಕಾಲಿನವರೆಗೆ ರಬ್ಬರು ಬೂಟು ಹಾಕಿಕೊಂಡು ಇಳಿದರು. ಹಿಂದೆ ಕ್ಯಾಮೆರಾದವರು, ಪೇಪರಿನವರು. ಮೊದಲ ಹೆಜ್ಜೆಗೇ ಧೂಳೆದ್ದಿತು. ಬಟ್ಟೆಯ ರಾಶಿಯಿದ್ದ ಕೊಡೆಯ ಪಕ್ಕದಲ್ಲಿ, ತೇಲುವ ಅಂಗಿ ತೊಡಿಸಿ, ಛತ್ರಿಯಣ್ಣನನ್ನು ನಿಲ್ಲಿಸಿದ್ದರು.

"ಏನ್ರೀ ಇದು?" ಮಂತ್ರಿಗಳು ಸಾಹೇಬರನ್ನು ನೋಡಿದರು. "ನೆರೆ ಎಲ್ಲಿ?"

"ಬೆಳಗಿನ ಜಾವದವರೆಗೆ ಮೊಣಕಾಲುದ್ದ ಇತ್ತು ಸಾರ್. ಈಗ ಇಳಿದಿದೆ. ಸಂತ್ರಸ್ತರನ್ನೇ ಕೇಳಿ." ಸಾಹೇಬರು ಛತ್ರಿಯಣ್ಣನ ಬೆನ್ನಿಗೆ ತಿವಿದರು.

ಛತ್ರಿಯಣ್ಣ ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು.

"ಸ್ವಾಮಿ, ನೆರೆ ಬಂದಿದ್ದು ನಿಜ. ನಮ್ಮೂರಿಗೆ ಬಂದಿದ್ದೂ ನಿಜ. ಆದ್ರೆ ನಮಗೆ ಬಂದಿಲ್ಲ."

"ಹಾಗಂದ್ರೆ?"

"ಅದು ಸಮುದ್ರದಾಚೆ ಇರೋ ನಮ್ಮೂರು."

"ಹಾಗಾದ್ರೆ ಇದು ಯಾವೂರಯ್ಯಾ?"

"ಇದೂ ನಮ್ಮೂರೇ. ಎರಡಕ್ಕೂ ಒಂದೇ ಹೆಸರು. ಅಲ್ಲಿ ನೀರು ಜಾಸ್ತಿಯಾಗಿ ಸಾಯ್ತಿದ್ದಾರೆ, ಇಲ್ಲಿ ಇಲ್ಲದೆ. ಹೆಸರು ಒಂದೇ ಆದ ಮೇಲೆ ನೀರನ್ನೂ ಸಮ ಮಾಡಿ ಹಂಚಿದ್ರೆ ಇಬ್ಬರೂ ಬದುಕ್ತಿದ್ವಿ."

"ಇವನಿಗೆ ಆಘಾತ ಆಗಿದೆ ಸಾರ್," ಎಂದರು ಸಾಹೇಬರು. "ನೆರೆ ಸಂತ್ರಸ್ತರಿಗೆ ಹೀಗಾಗತ್ತೆ."

"ಇಲ್ಲ ಸ್ವಾಮಿ. ಇಲ್ಲಿ ಒದ್ದೆಯಾದದ್ದು ಇವತ್ತೇ, ಈ ಸಾಹೇಬರ ಟ್ಯಾಂಕರಿಂದ. ಆ ನೆರೆ ಎಲ್ಲಿ ಅಂತ ಕೇಳಿದ್ರಲ್ಲ? ಒಳಗಿದೆ, ಬನ್ನಿ ತೋರಿಸ್ತೀನಿ."

ಹೆಂಡತಿ ಬಾಗಿಲು ಪೂರ್ತಿ ತೆರೆದಳು. ಪಕ್ಕದವಳೂ ತೆರೆದಳು. ಅದರ ಪಕ್ಕದವಳೂ. ಕ್ಯಾಮೆರಾಗಳು ಮಂತ್ರಿಗಳನ್ನು ಬಿಟ್ಟು ಬಾಗಿಲುಗಳತ್ತ ತಿರುಗಿದವು. ಒಳಗೆ ಸಾಲು ಸಾಲು ಕೊಡಗಳಲ್ಲಿ, ಡಬ್ಬಗಳಲ್ಲಿ, ಮಂಚದ ಕೆಳಗೆ, ತೊಟ್ಟಿಲ ಪಕ್ಕದಲ್ಲಿ, ಅಂಗಾತ ಕೂತ ಕೊಡೆಗಳಲ್ಲಿ, ನೆರೆಯು ಮುಚ್ಚಳ ಹಾಕಿಕೊಂಡು ಶಿಸ್ತಾಗಿ ಕೂತಿತ್ತು.

ಮೊದಲ ದಿನ ಸ್ಕೂಟರಿನಿಂದ ಇಳಿಯದೆ ಹೋಗಿದ್ದ ಪೇಪರಿನವನು ಇಂದು ಒಳಗೆ ಕಾಲಿಟ್ಟಿದ್ದ. ಒಂದು ಮನೆಯೊಳಗೆ ಇಣುಕಿ ನೋಡಿ ಹೊರಬಂದು, ಮಂತ್ರಿಗಳ ಎದುರು ನಿಂತ. "ಸಾರ್, ಕೌನ್ಸಿಲರು ಹೇಳಿದ್ರು, ಇದು ಮುಳುಗಡೆ ಜಾಗ, ಇವರನ್ನ ಕ್ವಾರಿ ಹಿಂದೆ ಕಳಿಸ್ತೀರಿ ಅಂತ. ಟ್ಯಾಂಕರ್ ನೀರನ್ನ ಕೊಡೇಲಿ ಹಿಡಿದಿಡೋ ಜನರನ್ನ ಮುಳುಗಿಹೋದವರು ಅಂತ ಘೋಷಣೆ ಮಾಡ್ತೀರಾ?"

ಮಂತ್ರಿಗಳು ಪಳಗಿದವರು. ಕ್ಯಾಮೆರಾ ನೋಡಿ ನಕ್ಕರು. "ಯಾರ್ರೀ ಹಾಗಂದಿದ್ದು? ಈ ಕೇರಿಯಿಂದ ಒಬ್ಬರನ್ನೂ ಕದಲಿಸಲ್ಲ. ಇದು ನನ್ನ ಮಾತು." ಕೌನ್ಸಿಲರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಕಾರು ಹತ್ತಲು ಹೊರಟ ಮಂತ್ರಿಗಳ ದಾರಿಗೆ ಅತ್ತೆ ಅಡ್ಡ ನಿಂತಳು. "ಸ್ವಾಮಿ, ಈ ಕೊಡೇಲಿ ಇರೋದು ಅವರಿಗೆ. ನೀವು ದೊಡ್ಡವರು, ಹಡಗಿಗೆ ಹಾಕಿಸ್ತೀರಿ." ಕ್ಯಾಮೆರಾಗಳು ನೋಡುತ್ತಿದ್ದವು. ಸ್ವೆಟರು, ಬಾಚಣಿಗೆ, ಒಂದು ಬೂಟು, ಕಂಬಳಿ, ಎಲ್ಲವೂ ಮಂತ್ರಿಗಳ ಕಾರಿನ ಹಿಂದಿನ ಸೀಟಿಗೆ ಏರಿದವು. ಅವು ಸಮುದ್ರ ದಾಟಿದವೋ, ಮುಂದಿನ ತಿರುವಿನಲ್ಲೇ ಇಳಿದವೋ ನನಗೆ ಗೊತ್ತಿಲ್ಲ. ಕೊಟ್ಟವರು ದಾಟಿದವೆಂದೇ ನಂಬಿದ್ದಾರೆ. ಲೋಕದಲ್ಲಿ ಬಡವರು ಬಡವರಿಗೆ ಕಳಿಸಿದ್ದು ಎಷ್ಟು ಸಲ ತಲುಪಿದೆಯೋ, ಯಾರ ಕಾರಿನಲ್ಲಿ ಉಳಿದಿದೆಯೋ, ಅದನ್ನು ತೋರಿಸುವ ನಕಾಶೆಯನ್ನು ಇನ್ನೂ ಯಾರೂ ಬರೆದಿಲ್ಲ.

ಆದರೆ ಇಷ್ಟೆಲ್ಲ ನಡೆದ ಮೇಲೆ ಒಬ್ಬ ತಪ್ಪಿತಸ್ಥ ಬೇಕಲ್ಲ. ರಿಪೋರ್ಟ್ ಮಾಡಿದವರು ಆಗಲಾರರು, ಟ್ಯಾಂಕರು ತರಿಸಿದವರು ಆಗಲಾರರು. ಮಧ್ಯಾಹ್ನ ಇಬ್ಬರು ಪೊಲೀಸರು ಬಂದು ಛತ್ರಿಯಣ್ಣನನ್ನು, ತೇಲುವ ಅಂಗಿಯ ಸಮೇತ, ಠಾಣೆಗೆ ಕರೆದೊಯ್ದರು.

ಇನ್ಸ್‌ಪೆಕ್ಟರು ಬೆಂಚು ತೋರಿಸಿದರು. "ನಿನ್ನ ಮೇಲೆ ಇರೋ ಆರೋಪ ಏನು ಗೊತ್ತೇನಯ್ಯಾ? ನೀರಿಲ್ಲದ ಕಡೆ ನೀರಿದೆ ಅಂತ ಸುಳ್ಳು ಹೇಳಿದ್ದು."

ಛತ್ರಿಯಣ್ಣ ವಿನಯದಿಂದ ಸುತ್ತ ನೋಡಿದ. "ಹಂಗಾದ್ರೆ ನೀರಿನ ಇಲಾಖೆಯವರನ್ನೆಲ್ಲ ಯಾವ ರೂಮಲ್ಲಿ ಕೂರಿಸಿದ್ದೀರಿ ಸ್ವಾಮಿ?"

ಅವನು ಅದನ್ನು ಕುಹಕದಿಂದ ಕೇಳಿದ್ದಲ್ಲ. ಗೊತ್ತಿರುವವರು ಯಾರಾದರೂ ಜೊತೆಗಿದ್ದರೆ ಹೊತ್ತು ಹೋಗುತ್ತದೆಂದು ಕೇಳಿದ್ದ. ಇನ್ಸ್‌ಪೆಕ್ಟರು ಕೇಸಿನ ಪುಸ್ತಕ ಎಳೆದುಕೊಳ್ಳುತ್ತಿರುವಾಗಲೇ ಹೊರಗೆ ಗದ್ದಲವಾಯಿತು. ಅವನನ್ನು ಬಿಡಿಸಿಕೊಳ್ಳಲು ಇಡೀ ಕೇರಿ ಬಂದಿತ್ತು. ಅಂಗಳದಲ್ಲಿ ನಿಂತು ಕೂಗಿದರು. ಸ್ವಲ್ಪ ಹೊತ್ತು ಕೂಗು ಜೋರಾಗಿಯೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ಅಡಗಿತು. ಇನ್ಸ್‌ಪೆಕ್ಟರು ಗಾಬರಿಯಾಗಿ ಕಿಟಕಿಗೆ ಬಂದರು.

ಠಾಣೆಯ ಅಂಗಳದಲ್ಲಿ, ಜೀಪು ತೊಳೆಯಲೆಂದು, ಒಂದು ನಲ್ಲಿಯಿತ್ತು. ಯಾರೋ ಸುಮ್ಮನೆ ತಿರುಗಿಸಿ ನೋಡಿದ್ದರು. ನೀರು ಬಂದಿತ್ತು. ಬರಿಗೈಯಲ್ಲಿ ಬಂದವರು ಕೊಡ ತರಲು ಆಗಲೇ ಮನೆಗೆ ಓಡಿದ್ದರು. ಅಭ್ಯಾಸಬಲದಿಂದ ಕೊಡ ಹಿಡಿದೇ ಬಂದಿದ್ದವರ ಸಾಲು ಗೇಟು ದಾಟಿ, ರಸ್ತೆಯ ಬದಿಗೆ ಬೆಳೆಯುತ್ತಿತ್ತು.

"ಏಳಯ್ಯಾ, ಏಳು!" ಇನ್ಸ್‌ಪೆಕ್ಟರು ಓಡಿಬಂದು ಛತ್ರಿಯಣ್ಣನ ತೋಳು ಹಿಡಿದು ಎಬ್ಬಿಸಿದರು. "ಕೇಸೂ ಇಲ್ಲ, ಏನೂ ಇಲ್ಲ. ನಿನ್ನ ಜನರನ್ನ ಕರ್ಕೊಂಡು ಹೊರಡು. ಸಂಜೆವರೆಗೆ ಹಿಂಗೇ ಬಿಟ್ರೆ ನಮ್ಮ ಟ್ಯಾಂಕು ಖಾಲಿ!"

ಛತ್ರಿಯಣ್ಣ ಬಾಗಿಲಿಗೆ ಬಂದ. ಸಾಲಿನ ನಡುವಿನಿಂದ ಹೆಂಡತಿ ಅವನನ್ನು ಕಂಡು, ಸೊಂಟದ ಕೊಡವನ್ನು ಸರಿಮಾಡಿಕೊಂಡು, ಕೈ ಅಡ್ಡ ಬೀಸಿದಳು.

"ರೀ! ಅವಸರ ಮಾಡಿ ಹೊರಗೆ ಬಂದುಬಿಡಬೇಡಿ. ನನ್ನ ಮುಂದೆ ಇನ್ನೂ ನಾಲ್ಕು ಜನ ಇದ್ದಾರೆ."

ಅವನು ಇನ್ಸ್‌ಪೆಕ್ಟರ ಮುಖ ನೋಡಿದ, ಒಳಗೆ ಬಂದ, ತೇಲುವ ಅಂಗಿಯ ದಾರ ಬಿಗಿ ಮಾಡಿಕೊಂಡು ಬೆಂಚಿನ ಮೇಲೆ ಗಟ್ಟಿಯಾಗಿ ಕೂತ.